ಪಾರಿಜಾತದ ರಾತ್ರಿಗಳಿಗೆ ಮನೆಯಲ್ಲೊಂದು ಭಂಡಾರ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಘಟಪ್ರಭಾ ಸೀಮೆಯು ಶ್ರೀಕೃಷ್ಣ ಪಾರಿಜಾತವೆಂಬ ಸಣ್ಣಾಟವನ್ನು ಪೋಷಿಸಿ ಬೆಳೆಸಿದ ನೆಲ. ಅಪರಾಳ ತಮ್ಮಣ್ಣನ ರಚನೆಯೆಂದು ಹೇಳಲಾಗುವ, ಕುಲಗೋಡ ತಮ್ಮಣ್ಣನ ಕೈಯಲ್ಲಿ ರಂಗದ ಮೇಲೆ ಬೆಳೆದ, ಕೌಜಲಗಿ ನಿಂಗಮ್ಮನಂಥ ಕಲಾವಿದೆಯರಿಂದ ನಾಡಿನಾದ್ಯಂತ ಹೆಸರಾದ ಈ ಆಟವು ಪರಂಪರೆಯಂತೆ ರಾತ್ರಿಯಿಡೀ ನಡೆಯುವಂಥದ್ದು. ಇಂಥ ಆಟಗಳ ಜೊತೆಗೆ ಜಾತ್ರೆ, ಭಜನೆ, ಮದುವೆಗಳ ಮುದ್ರಿಕೆಗಳು ಮನೆಮನೆಗಳಲ್ಲಿ ಕ್ಯಾಸೆಟ್, ಸಿಡಿ, ಪೆನ್‌ಡ್ರೈವ್ ಮತ್ತು ಹಳೆಯ ಮೊಬೈಲುಗಳಲ್ಲಿ ಚದುರಿಹೋಗಿವೆ. ಅವುಗಳನ್ನು ಒಂದೆಡೆ ಕೂಡಿಸಿ, ಮನೆಮಂದಿಯೆಲ್ಲ ಟಿವಿಯ ಮುಂದೆ ಕುಳಿತು ನೋಡುವಂತೆ ಮಾಡುವ ಸಾಧನವೇ ಹೋಮ್ ಥಿಯೇಟರ್ ಪಿಸಿ, ಅಂದರೆ ಟಿವಿಗೆ ಕಾಯಂ ಆಗಿ ಜೋಡಿಸಿದ ಸಣ್ಣ ಕಂಪ್ಯೂಟರ್. ಇದನ್ನು ಕಟ್ಟುವಾಗ ಮರೆಯಬಾರದ ಸಂಗತಿಯೊಂದಿದೆ: ಚಿತ್ರ ತೋರಿಸುವ ಯಂತ್ರ ಕೆಟ್ಟರೆ ಅಂಗಡಿಯಿಂದ ಮತ್ತೊಂದನ್ನು ತರಬಹುದು, ಆದರೆ ತೀರಿಹೋದ ಕಲಾವಿದರ ದನಿ ಅಳಿಸಿಹೋದರೆ ಅದನ್ನು ಯಾವ ಅಂಗಡಿಯಿಂದಲೂ ತರಲಾಗದು.

ಈ ಕೆಲಸಕ್ಕೆ ದುಬಾರಿ ಕಂಪ್ಯೂಟರ್ ಬೇಕಾಗಿಲ್ಲ. ವಿಡಿಯೊ ಕಡತಗಳನ್ನು ಗಾತ್ರ ತಗ್ಗಿಸಲೆಂದು ಗಣಿತದ ವಿಧಾನಗಳಿಂದ ಸಂಕುಚಿಸಿ ಇಡಲಾಗುತ್ತದೆ. ಸಂಕುಚಿಸುವ ಮತ್ತು ಮರಳಿ ಬಿಡಿಸುವ ಈ ವಿಧಾನಕ್ಕೆ ಕೋಡೆಕ್ ಎಂದು ಹೆಸರು. 2003ರಲ್ಲಿ ಬಂದ ಎಚ್.264, 2013ರ ಎಚ್.265 ಮತ್ತು 2018ರ ಎವಿ1 ಇವುಗಳಲ್ಲಿ ಮುಖ್ಯವಾದವು. ಪ್ರೊಸೆಸರಿನೊಳಗೆ ಈ ಮೂರನ್ನೂ ಬಿಡಿಸುವ ಪ್ರತ್ಯೇಕ ಸರ್ಕ್ಯೂಟ್ ಇದ್ದರೆ ಯಂತ್ರವು ಬಿಸಿಯಾಗದೆ, ಫ್ಯಾನಿನ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಇಂಟೆಲ್ ಎನ್100ನಂಥ ಕಡಿಮೆ ವಿದ್ಯುತ್ತಿನ ಪ್ರೊಸೆಸರುಳ್ಳ ಮಿನಿ ಪಿಸಿಯಲ್ಲಿ ಈ ಅನುಕೂಲವಿದೆ. 8 ಜಿಬಿ ಮೆಮೊರಿ, ಕಾರ್ಯವ್ಯವಸ್ಥೆಗೆ ಒಂದು ಸಣ್ಣ ಎಸ್‌ಎಸ್‌ಡಿ ಮತ್ತು ಟಿವಿಗೆ ಒಂದು ಎಚ್‌ಡಿಎಂಐ ಕೇಬಲ್ ಇದ್ದರೆ ಯಂತ್ರದ ಭಾಗ ಮುಗಿಯಿತು. ರಿಮೋಟಿನಿಂದ ನಡೆಸಬಹುದಾದ ಪರದೆಗೆ ಉಚಿತ ತಂತ್ರಾಂಶವಾದ ಕೋಡಿಯನ್ನು ಬಳಸಬಹುದು; ಎಕ್ಸ್‌ಬಾಕ್ಸ್ ಆಟದ ಯಂತ್ರಕ್ಕಾಗಿ ಹುಟ್ಟಿದ ಈ ತಂತ್ರಾಂಶ 2014ರಲ್ಲಿ ಈಗಿನ ಹೆಸರನ್ನು ಪಡೆಯಿತು. ಒಂದೇ ಭಂಡಾರವನ್ನು ಮನೆಯ ಎಲ್ಲ ಮೊಬೈಲು ಮತ್ತು ಟಿವಿಗಳಿಗೆ ಹಂಚಬೇಕಾದಲ್ಲಿ ಜೆಲ್ಲಿಫಿನ್ ಎಂಬ ಮತ್ತೊಂದು ಉಚಿತ ತಂತ್ರಾಂಶ ಒದಗುತ್ತದೆ.

ಸಂಗ್ರಹಕ್ಕೆ ಎಷ್ಟು ಜಾಗ ಬೇಕೆಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಸೆಕೆಂಡಿಗೆ 8 ಮೆಗಾಬಿಟ್ ದರದಲ್ಲಿ ಮುದ್ರಿಸಿದ ಫುಲ್ ಎಚ್‌ಡಿ ವಿಡಿಯೊ ಗಂಟೆಗೆ 3.6 ಜಿಬಿ ಜಾಗ ಹಿಡಿಯುವುದರಿಂದ, 8 ಗಂಟೆಗಳ ಒಂದು ಪಾರಿಜಾತಕ್ಕೆ ಸುಮಾರು 29 ಜಿಬಿ ಬೇಕಾಗುತ್ತದೆ. ಹಾಗಾಗಿ 1 ಟಿಬಿ ಹಾರ್ಡ್‌ಡಿಸ್ಕಿನಲ್ಲಿ ಅಂಥ 34 ರಾತ್ರಿಗಳು ಹಿಡಿಯುತ್ತವೆ. ಹೊಸ ಡಿಸ್ಕನ್ನು ಜೋಡಿಸಿದಾಗ ವಿಂಡೋಸ್ 931 ಜಿಬಿ ಎಂದು ಮಾತ್ರ ತೋರಿಸುವುದನ್ನು ಕಂಡು ಮೋಸವಾಯಿತೆಂದು ಭಾವಿಸಬೇಕಾಗಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿಯೂ ಕಂಪ್ಯೂಟರ್ 1024ರ ಲೆಕ್ಕದಲ್ಲಿಯೂ ಎಣಿಸುವುದೇ ಈ ವ್ಯತ್ಯಾಸಕ್ಕೆ ಕಾರಣ. ದೊಡ್ಡ ಕಡತವೊಂದು ಪೆನ್‌ಡ್ರೈವಿಗೆ ಹೋಗದಿದ್ದರೆ ಅದು ಎಫ್‌ಎಟಿ32 ಮಾದರಿಯಲ್ಲಿದೆಯೆಂದು ತಿಳಿಯಬಹುದು, ಏಕೆಂದರೆ ಆ ಮಾದರಿಯು 4 ಜಿಬಿ ಮೀರಿದ ಕಡತವನ್ನು ಸ್ವೀಕರಿಸುವುದಿಲ್ಲ.

ಹಳೆಯ ವಿಎಚ್‌ಎಸ್ ಮತ್ತು ಆಡಿಯೊ ಕ್ಯಾಸೆಟ್ಟುಗಳ ವಿಷಯದಲ್ಲಿ ವಿಳಂಬ ಸಲ್ಲದು. ಟೇಪಿನ ಕಾಂತೀಯ ಲೇಪ ವರ್ಷ ಕಳೆದಂತೆ ಸವೆಯುತ್ತದೆ, ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಜಪಾನಿನ ಫುನಾಯ್ ಕಂಪನಿಯು 2016ರಲ್ಲಿ ವಿಸಿಆರ್ ತಯಾರಿಕೆಯನ್ನು ನಿಲ್ಲಿಸಿದ ಮೇಲಂತೂ ಟೇಪು ಉಳಿದರೂ ಅದನ್ನು ಓದುವ ಯಂತ್ರ ಸಿಗುವುದು ಕಷ್ಟವಾಗಿದೆ. ಟೇಪಿನಿಂದ ಪಡೆದ ಮೂಲ ಕಡತವನ್ನು ಹಾಗೆಯೇ ಕಾಯ್ದಿರಿಸಿ, ನೋಡುವುದಕ್ಕೆ ಬೇರೊಂದು ಚಿಕ್ಕ ಪ್ರತಿಯನ್ನು ಮಾಡಿಕೊಳ್ಳುವುದು ಸರಿಯಾದ ಕ್ರಮ. ಕಡತದ ಹೆಸರಿನಲ್ಲಿ ಮೊದಲು ವರ್ಷ, ನಂತರ ತಿಂಗಳು, ಊರು ಮತ್ತು ಆಟದ ಹೆಸರು ಇದ್ದರೆ ಪಟ್ಟಿಯು ತಾನಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತದೆ. ಪಾತ್ರಧಾರಿಗಳು, ಹಾರ್ಮೋನಿಯಂ ಮತ್ತು ತಬಲಾ ನುಡಿಸಿದವರು ಯಾರೆಂಬುದನ್ನು ಬಲ್ಲ ಹಿರಿಯರಿರುವಾಗಲೇ ಕೇಳಿ, ಬರೆದು, ಅದೇ ಫೋಲ್ಡರಿನಲ್ಲಿ ಇಡಬೇಕು.

ಯಂತ್ರ ಕೈಕೊಟ್ಟಾಗ ಒಂದೊಂದೇ ಕೊಂಡಿಯನ್ನು ಪರೀಕ್ಷಿಸುತ್ತ ಹೋದರೆ ಬಹುತೇಕ ದೋಷಗಳು ಮನೆಯಲ್ಲೇ ಪರಿಹಾರವಾಗುತ್ತವೆ. ಚಿತ್ರವಿದ್ದು ಧ್ವನಿ ಇಲ್ಲದಿದ್ದರೆ, ಧ್ವನಿಯ ಹೊರದಾರಿಯಾಗಿ ಎಚ್‌ಡಿಎಂಐ ಆಯ್ಕೆಯಾಗಿದೆಯೇ ಎಂದು ಮೊದಲು ನೋಡಬೇಕು. ಪರದೆಯ ಅಂಚುಗಳು ಕತ್ತರಿಸಿದಂತೆ ಕಂಡರೆ ದೋಷವಿರುವುದು ಕಂಪ್ಯೂಟರಿನಲ್ಲಲ್ಲ, ಚಿತ್ರವನ್ನು ಹಿಗ್ಗಿಸಿ ತೋರಿಸುವ ಟಿವಿಯ ಓವರ್‌ಸ್ಕ್ಯಾನ್ ಎಂಬ ಆಯ್ಕೆಯಲ್ಲಿ. ಹಳೆಯ ಟೇಪಿನ ಚಿತ್ರದಲ್ಲಿ ಓಡಾಡುವ ಆಕೃತಿಗಳ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿ ಕಂಡರೆ ಡಿಇಂಟರ್ಲೇಸ್ ಆಯ್ಕೆಯನ್ನು ಚಾಲೂ ಮಾಡಬೇಕು. ಆ ಕಾಲದ ವಿಡಿಯೊದಲ್ಲಿ ಸಾಲು ಬಿಟ್ಟು ಸಾಲಿನಂತೆ ಎರಡು ಅರೆಚಿತ್ರಗಳಿದ್ದು, ಅವುಗಳನ್ನು ಕೂಡಿಸುವ ಕೆಲಸ ಈ ಆಯ್ಕೆಯದು. ವಿಡಿಯೊ ತಡವರಿಸಿದರೆ ಅದೇ ಕಡತವನ್ನು ಯಂತ್ರದ ಒಳಗಿನ ಡಿಸ್ಕಿಗೆ ನಕಲು ಮಾಡಿ ನಡೆಸಿ ನೋಡಬೇಕು. ಆಗ ಸರಾಗವಾಗಿ ಓಡಿದರೆ ದೋಷ ವೈಫೈನಲ್ಲೋ ಹೊರಗಿನ ಡಿಸ್ಕಿನಲ್ಲೋ ಇದೆ, ಆಗಲೂ ತಡವರಿಸಿದರೆ ಕೋಡೆಕ್ಕಿನಲ್ಲಿದೆ. ಕನ್ನಡ ಅಡಿಬರಹದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಂಡರೆ, ಆ ಕಡತವನ್ನು ಯೂನಿಕೋಡ್ ಪೂರ್ವದ ನುಡಿ ಅಥವಾ ಬರಹ ಫಾಂಟಿನಲ್ಲಿ ಬೆರಳಚ್ಚು ಮಾಡಲಾಗಿದೆಯೆಂದೇ ಸಾಮಾನ್ಯವಾಗಿ ತಿಳಿಯಬಹುದು. ಪರಿವರ್ತಕ ತಂತ್ರಾಂಶದಿಂದ ಅದನ್ನು ಯೂನಿಕೋಡಿಗೆ ಬದಲಿಸಿದರೆ ಅಕ್ಷರಗಳು ಸರಿಯಾಗುತ್ತವೆ.

ಗೋಕಾಕ ಜಲಪಾತದ ನೀರಿನಿಂದ ಹತ್ತೊಂಬತ್ತನೆಯ ಶತಮಾನದಲ್ಲೇ ವಿದ್ಯುತ್ ಪಡೆದ ಸೀಮೆಯಿದು. ಹುಕ್ಕೇರಿ ತಾಲ್ಲೂಕಿಗೆ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ವಿದ್ಯುತ್ ಹಂಚುತ್ತದೆ. ವಿದ್ಯುತ್ ಎಲ್ಲಿಂದ ಬಂದರೂ, ಡಿಸ್ಕಿಗೆ ಬರೆಯುತ್ತಿರುವಾಗ ಕರೆಂಟ್ ಹೋದರೆ ಕಡತ ಕೆಡುವ ಅಪಾಯವಿದ್ದೇ ಇದೆ. ಆದ್ದರಿಂದ ಯಂತ್ರ ಮತ್ತು ಡಿಸ್ಕು ಎರಡನ್ನೂ ಚಿಕ್ಕದೊಂದು ಯುಪಿಎಸ್‌ಗೆ ಜೋಡಿಸುವುದು, ಕಾಯಂ ಸಂಗ್ರಹದ ಡಿಸ್ಕಿಗೆ ಎನ್‌ಟಿಎಫ್‌ಎಸ್ ಅಥವಾ ಇಎಕ್ಸ್‌ಟಿ4 ಮಾದರಿಯನ್ನು ಆರಿಸುವುದು ಒಳ್ಳೆಯದು. ಇವು ಮಾಡಬೇಕಾದ ಬದಲಾವಣೆಯನ್ನು ಮೊದಲೇ ದಾಖಲಿಸಿಕೊಳ್ಳುವುದರಿಂದ, ಕರೆಂಟ್ ಮರಳಿದ ಮೇಲೆ ಡಿಸ್ಕಿನ ವ್ಯವಸ್ಥೆಯನ್ನು ಸರಿಪಡಿಸಿಕೊಳ್ಳಬಲ್ಲವು.

ಯುಪಿಎಸ್‌ನಿಂದ ತಡೆಯಲಾಗದ ಅಪಾಯಗಳೂ ಇವೆ. 2019ರ ಆಗಸ್ಟಿನಲ್ಲಿ ಘಟಪ್ರಭಾ ಮತ್ತು ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ಪಟ್ಟಣದ ಮನೆಗಳಿಗೆ ನುಗ್ಗಿದವು. ಅಂಥ ಹೊತ್ತಿನಲ್ಲಿ ಒಂದೇ ಕಪಾಟಿನಲ್ಲಿ ನಾಲ್ಕು ಪ್ರತಿಗಳಿದ್ದರೂ ನಾಲ್ಕೂ ಒಟ್ಟಿಗೆ ನೀರುಪಾಲಾಗುತ್ತವೆ. ಎರಡು ಡಿಸ್ಕುಗಳಿಗೆ ಏಕಕಾಲಕ್ಕೆ ಬರೆಯುವ ರೈಡ್ ವ್ಯವಸ್ಥೆಯು ಒಂದು ಡಿಸ್ಕು ಕೆಟ್ಟಾಗ ಕಾಯುತ್ತದೆಯೇ ಹೊರತು ನೆರೆಯಿಂದಾಗಲಿ, ಕಳವಿನಿಂದಾಗಲಿ, ಕೈತಪ್ಪಿ ಅಳಿಸಿದ್ದರಿಂದಾಗಲಿ ಕಾಯುವುದಿಲ್ಲ. ಮೂರು ಪ್ರತಿಗಳು, ಅವುಗಳಿಗೆ ಎರಡು ಬಗೆಯ ಸಾಧನಗಳು, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬ ನಿಯಮವನ್ನು ದಾಖಲೆ ಕಾಯುವವರು ಲೋಕದೆಲ್ಲೆಡೆ ಪಾಲಿಸುತ್ತಾರೆ. ಗೋಕಾಕದ ಮನೆಯ ಒಂದು ಡಿಸ್ಕು ಹುಕ್ಕೇರಿಯ ಬೀಗರ ಮನೆಯಲ್ಲಿ, ಅವರದೊಂದು ಗೋಕಾಕದಲ್ಲಿ ಇದ್ದರೆ ಈ ನಿಯಮದ ಕಠಿಣ ಭಾಗ ಸುಲಭವಾಗಿ ನೆರವೇರುತ್ತದೆ. ವರ್ಷಕ್ಕೊಮ್ಮೆ ಆ ಡಿಸ್ಕುಗಳನ್ನು ಜೋಡಿಸಿ, ಕಡತಗಳು ತೆರೆಯುತ್ತವೆಯೇ ಎಂದು ನೋಡುವುದು ಕೂಡ ಅಷ್ಟೇ ಅಗತ್ಯ.

ಆದುದರಿಂದ ಮನೆಗೆ ದೊಡ್ಡ ಟಿವಿ ಮತ್ತು ಸ್ಪೀಕರುಗಳನ್ನು ತರಲು ಯೋಚಿಸುವವರು, ಆ ಮೊತ್ತದಲ್ಲಿ ಒಂದು ಪಾಲನ್ನು ಎರಡನೆಯ ಮತ್ತು ಮೂರನೆಯ ಡಿಸ್ಕಿಗೆ ಮೊದಲೇ ತೆಗೆದಿರಿಸಬೇಕು. ಮನೆಯ ಅಟ್ಟದಲ್ಲೋ ಟ್ರಂಕಿನಲ್ಲೋ ಪಾರಿಜಾತದ ಕ್ಯಾಸೆಟ್ ಉಳಿದಿದ್ದರೆ, ಮುಂದಿನ ಮಳೆಗಾಲ ಬರುವ ಮೊದಲೇ ಅದನ್ನು ಹೊರತೆಗೆದು ನಕಲು ಮಾಡಿಸಬೇಕು.