ಪಟ್ಟಿಯ ನೀರು, ತೂಬಿನ ನೀರು

ಮುಂಗಾರು ಹಿಡಿಯಿತೆಂದರೆ ಎಚ್.ಡಿ. ಕೋಟೆ ಬಸ್ ನಿಲ್ದಾಣದಲ್ಲಿ ಒಂದೇ ಪ್ರಶ್ನೆ: 'ಕಬಿನಿ ಎಷ್ಟಾಯ್ತಣ್ಣ?' ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರದ ನಾಲೆ ಕಡೆಯವರಿಗೆ ಹಾರಂಗಿಯ ಚಿಂತೆ. ಬೀಚನಹಳ್ಳಿಯ ಕಬಿನಿ ಕಟ್ಟೆ ಭರ್ತಿಯಾಗುವುದು 2,284 ಅಡಿಗೆ, ಹಾರಂಗಿ 2,859 ಅಡಿಗೆ. ಪೇಪರಿನ ಮೂಲೆಯಲ್ಲಿ ಚೌಕ ಕಟ್ಟಿ ಅಚ್ಚಾಗುವ ಮಟ್ಟ ಯಾವ ಹೊತ್ತಿನದು ಎಂದು ಕೇಳುವವರು ಕಡಮೆ. ಬೆಳಗ್ಗೆ ಅಳೆದದ್ದನ್ನು ಸಂಜೆ ಬಸ್ಸಿನಲ್ಲಿ ಕೂತು ಓದುವಷ್ಟರಲ್ಲಿ ವಯನಾಡಿನ ಮಳೆ ತನ್ನ ಕೆಲಸ ಮುಗಿಸಿರುತ್ತದೆ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ಮೈಸೂರು-ನಂಜನಗೂಡು ರಸ್ತೆಯೇ ಬಂದ್ ಆದದ್ದನ್ನು ಈ ಕಡೆಯ ಅಂಗಡಿಯವರು ಮರೆತಿಲ್ಲ.

ಕೈಬರಹದ ಗೊಡವೆಯೇ ಇಲ್ಲದೆ ಯಂತ್ರದಿಂದ ನೇರವಾಗಿ ಎಕ್ಸೆಲ್ ಪಟ್ಟಿಗೆ ಅಂಕಿ ಇಳಿಸುವ ವಿದ್ಯೆ ಬಂದು ಬಹಳ ಕಾಲವಾಯಿತು. ನೀರು ಅಳೆಯುವ ಸೆನ್ಸರ್, ಅದರ ಲೆಕ್ಕ ಹಿಡಿಯುವ ನಿಯಂತ್ರಣ ಪೆಟ್ಟಿಗೆ, ಅಲ್ಲಿಂದ ಕಂಟ್ರೋಲ್ ರೂಮಿನ ಪರದೆ. ಈ ಇಡೀ ಏರ್ಪಾಡಿಗೆ ಸ್ಕಾಡಾ ಅಂತಾರೆ. ಕೃಷ್ಣೆಯ ನಾರಾಯಣಪುರ ಎಡದಂಡೆ ನಾಲೆಯ ಆಧುನೀಕರಣದಲ್ಲಿ ಇದೇ ಸ್ಕಾಡಾ ಸೇರಿದೆ. 10,000 ಕ್ಯೂಸೆಕ್ಸ್ ಹೊರುವ, 4.5 ಲಕ್ಷ ಹೆಕ್ಟೇರ್‌ಗೆ ನೀರುಣಿಸಬೇಕಾದ ಆ ನಾಲೆಯ ಕಾಮಗಾರಿಯನ್ನು ಪ್ರಧಾನಿ ಮೋದಿ 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಉದ್ಘಾಟಿಸಿದರು. ಕರೆಂಟಿನವರು ಇನ್ನೂ ಮುಂದೆ: ಕೆಪಿಟಿಸಿಎಲ್ ಸ್ಟೇಷನ್ನುಗಳ ಲೆಕ್ಕ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಸೆಂಟರಿಗೆ ಮುಟ್ಟುವುದು ಇದೇ ದಾರಿಯಲ್ಲಿ.

ಒಂದೊಂದು ಕಂಪನಿಯ ಪೆಟ್ಟಿಗೆಗೆ ಒಂದೊಂದು ಭಾಷೆ. ಎಕ್ಸೆಲ್‌ಗೆ ಅದು ತಿಳಿಯದು. ನಡುವೆ ದುಭಾಷಿ ಬೇಕು. ಮೊದಲು ಡಿಡಿಇ ಎಂಬ ಏರ್ಪಾಡಿತ್ತು, 1996ರಲ್ಲಿ ಓಪಿಸಿ ಬಂತು. ಪಟ್ಟಿಯ ಮನೆಯಲ್ಲಿ ಅಂಕಿಯ ಬದಲು ಸೂತ್ರ ಬರೆದಿಟ್ಟರೆ ಸಾಕು, ಅಲ್ಲಿ ನೀರು ಏರಿದಂತೆ ಇಲ್ಲಿ ಅಂಕಿ ತಾನಾಗಿ ಏರುತ್ತದೆ. ಗುಮಾಸ್ತರು 2,278 ಅನ್ನು 2,287 ಎಂದು ಬರೆದು ಊರೆಲ್ಲ ಗಾಬರಿ ಬೀಳುವ ಪ್ರಮೇಯವಿಲ್ಲ.

ಆದರೆ ಲೈನು ಕಟ್ಟಾದರೆ? ಮಳೆಗಾಲದಲ್ಲಿ ಕೋಟೆ ಕಡೆ ಲೈನು ಕಟ್ಟಾಗುವುದೇನು ದೊಡ್ಡ ಸುದ್ದಿಯೇ! ಕೆಲವು ಪಟ್ಟಿಗಳು ತಪ್ಪಾಗಿದೆ ಎಂದು ಕೂಗುತ್ತವೆ. ಕೆಲವು ಕೂಗುವುದಿಲ್ಲ. ಕೊನೆಗೆ ಬಂದ ಅಂಕಿಯನ್ನೇ ಹಿಡಿದುಕೊಂಡು ಸುಮ್ಮನೆ ಕೂತಿರುತ್ತವೆ. ಕಟ್ಟೆಗೆ ನೀರು ನುಗ್ಗುತ್ತಿರುತ್ತದೆ, ಆಫೀಸಿನಲ್ಲಿ ಸಾಹೇಬರು 'ಏನೂ ಏರಿಲ್ಲ ಬಿಡ್ರೀ' ಎನ್ನುತ್ತಿರುತ್ತಾರೆ. ಓಪಿಸಿ ಮಾಡಿದವರಿಗೆ ಇದು ಗೊತ್ತಿಲ್ಲದೇ ಇರಲಿಲ್ಲ. ಅದು ಪ್ರತಿ ಅಂಕಿಯ ಜೊತೆಗೆ ಇನ್ನೆರಡು ಸಂಗತಿ ಕಳಿಸುತ್ತದೆ: ಅಳೆದ ಹೊತ್ತು, ಮತ್ತು ಅಂಕಿ ನಂಬಲರ್ಹವೋ ಅಲ್ಲವೋ ಎಂಬ ಗುರುತು. ಪಟ್ಟಿ ಮಾಡುವವರು ಅಂಕಿಯೊಂದನ್ನೇ ಎತ್ತಿಕೊಂಡು ಉಳಿದೆರಡನ್ನು ಕೈಬಿಟ್ಟರೆ ಅದು ತಾರೀಕಿಲ್ಲದ ಸಾಲದ ಚೀಟಿ. ಯಾವ ಶೆಟ್ಟರು ಅದಕ್ಕೆ ಬೆಲೆ ಕೊಟ್ಟಾರು?

ಇಂಥ ಪಟ್ಟಿ ಸ್ಲೇಟಿದ್ದ ಹಾಗೆ, ಹೊಸದು ಬಂದರೆ ಹಳೆಯದು ಅಳಿಯಿತು. ಹೋದ ಮಂಗಳವಾರ ರಾತ್ರಿ ಎಷ್ಟು ಬಿಟ್ಟರು ಎಂಬ ತಕರಾರು ಎದ್ದರೆ ಬೇರೆ ಖಾತೆಪುಸ್ತಕವೇ ಬೇಕು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಈ ದುಭಾಷಿ ಎರಡೂ ಕಡೆ ಮಾತಾಡಬಲ್ಲ. ಪಟ್ಟಿಯಿಂದ ಪೆಟ್ಟಿಗೆಗೆ ಅಪ್ಪಣೆಯನ್ನೂ ಕಳಿಸಬಹುದು. ಟೀ ಕುಡಿಯುತ್ತಾ ಯಾರೋ ತಪ್ಪು ಮನೆಯಲ್ಲಿ 5ರ ಬದಲು 50 ಒತ್ತಿದರೆ ಗೇಟು ಅಷ್ಟೂ ತೆರೆದೀತು. ಕೆಳಗೆ ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಂಗಸರಿರುತ್ತಾರೆ, ದನ ತೊಳೆಯುವ ಹುಡುಗರಿರುತ್ತಾರೆ. ಅದಕ್ಕೇ ತಿಳಿದವರು ಪಟ್ಟಿಗೆ ಓದುವ ಹಕ್ಕು ಮಾತ್ರ ಕೊಡುತ್ತಾರೆ. ಗೇಟಿನ ಅಪ್ಪಣೆ ಕಂಟ್ರೋಲ್ ರೂಮಿನಿಂದಲೇ, ಅದೂ ಸೈರನ್ ಕೂಗಿದ ಮೇಲೆ.

ಇಲ್ಲಿನ ನಾಲೆಗಳಿಗೂ ಇಂಥದ್ದು ಬರಲಿ ಎನ್ನುವವರು ಟೆಂಡರ್ ಕಾಗದದಲ್ಲಿ ನೋಡಬೇಕಾದದ್ದು ಪರದೆ ಎಷ್ಟು ಅಗಲ ಎಂದಲ್ಲ. ಹೊತ್ತಿನ ಕಾಲಂ ಇದೆಯೇ, ಲೈನು ಸತ್ತರೆ ಅಂಕಿ ಕೆಂಪಾಗುತ್ತದೆಯೇ, ಆಗ ತೂಬಿನ ಹತ್ತಿರ ಹೋಗಿ ಅಳತೆಗಲ್ಲು ನೋಡಿ ಬರಲು ನೀರುಗಂಟಿ ಒಬ್ಬನಾದರೂ ಕೆಲಸದಲ್ಲಿ ಉಳಿದಿರುತ್ತಾನೆಯೇ ಎಂದು.