ಹರಳಾಗಲು ಬಿಡುವಿಲ್ಲದ ಸಕ್ಕರೆ

ಜಾತ್ರೆಯಲ್ಲಿ ಕಡ್ಡಿಗೆ ಸುತ್ತಿಸಿಕೊಂಡು ಮಗುವಿನ ಕೈಗೆ ಬರುವ ಬಾಂಬೆ ಮಿಠಾಯಿಯಲ್ಲಿರುವುದು ಸುಮಾರು 30 ಗ್ರಾಂ ಸಕ್ಕರೆ ಮತ್ತು ಚಿಟಿಕೆ ಬಣ್ಣ, ಮಿಕ್ಕದ್ದೆಲ್ಲ ಗಾಳಿ. ಅದರ ಒಂದು ಎಳೆಯನ್ನು ಬಿಡಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ಕಾಣುವುದು ತಲೆಗೂದಲಿಗಿಂತ ತೆಳುವಾದ, ನುಣುಪಾದ ಪಾರದರ್ಶಕ ನೂಲು. ಡಬ್ಬಿಯ ಸಕ್ಕರೆಯಲ್ಲಿರುವ ಅಂಚು ಮೂಲೆಗಳ ಹರಳು ಅಲ್ಲಿ ಕಾಣಿಸುವುದಿಲ್ಲ. ವಸ್ತು ಅದೇ ಸುಕ್ರೋಸ್, ಅಣುಗಳ ಜೋಡಣೆ ಮಾತ್ರ ಬೇರೆ. ಭೌತವಿಜ್ಞಾನದ ಲೆಕ್ಕದಲ್ಲಿ ಇದು ಒಂದು ಬಗೆಯ ಗಾಜು.

ಸಕ್ಕರೆಯ ಅಣುಗಳಿಗೆ ಸಾಲಾಗಿ ನಿಲ್ಲುವ ಒಲವು ಸಹಜವಾಗಿಯೇ ಇದೆ. ಆದರೆ ಸಾಲುಗಟ್ಟಲು ಸಮಯ ಬೇಕು. ಗಟ್ಟಿ ಪಾಕವನ್ನು ದಿನಗಟ್ಟಲೆ ಅಲುಗಿಸದೆ ಬಿಟ್ಟರೆ ಅವು ಒಂದರ ಪಕ್ಕ ಒಂದು ಕುಳಿತು ಕಲ್ಲುಸಕ್ಕರೆಯಾಗುತ್ತವೆ. ಬಾಂಬೆ ಮಿಠಾಯಿ ಇದಕ್ಕೆ ತೀರ ವಿರುದ್ಧ ದಿಕ್ಕಿನದು. ಯಂತ್ರದ ನಡುವಿನ ಬಟ್ಟಲು ಸಕ್ಕರೆಯನ್ನು ಕರಗಿಸುತ್ತಲೇ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಕೇಂದ್ರಾಪಗಾಮಿ ಬಲಕ್ಕೆ ಸಿಕ್ಕ ದ್ರವ ಸಣ್ಣ ರಂಧ್ರಗಳ ಮೂಲಕ ಹೊರಗೆ ಚಿಮ್ಮುತ್ತದೆ, ತಣ್ಣನೆಯ ಗಾಳಿ ತಾಗಿದ ಕ್ಷಣಾರ್ಧದಲ್ಲಿ ಗಟ್ಟಿಯಾಗುತ್ತದೆ. ಅಣುಗಳು ಇದ್ದಲ್ಲೇ, ಅಡ್ಡಾದಿಡ್ಡಿಯಾಗಿಯೇ ಸೆರೆಯಾಗುತ್ತವೆ. ಬಾಯಲ್ಲಿಟ್ಟೊಡನೆ ಅದು ಮಾಯವಾಗುವುದಕ್ಕೂ ಇದೇ ಕಾರಣ: ಒಡೆಯಬೇಕಾದ ಹರಳಿಲ್ಲ, ಎಂಜಲು ತಾಗುವ ಮೈ ಮಾತ್ರ ಅಪಾರ.

ಕರಗಿದ ಸಕ್ಕರೆಯನ್ನು ಕೈಯಿಂದಲೇ ಎಳೆ ತೆಗೆಯುವ ವಿದ್ಯೆ ಹಳೆಯದು. ಅದಕ್ಕೆ ಯಂತ್ರ ಕೊಟ್ಟವರು ಅಮೆರಿಕದ ನ್ಯಾಶ್‌ವಿಲ್ ನಗರದ ವಿಲಿಯಂ ಮಾರಿಸನ್ ಮತ್ತು ಜಾನ್ ವಾರ್ಟನ್. ವಾರ್ಟನ್ ಮಿಠಾಯಿ ತಯಾರಕ, ಮಾರಿಸನ್ ದಂತವೈದ್ಯ. 1897ರಲ್ಲಿ ಅವರು ರೂಪಿಸಿದ ಯಂತ್ರಕ್ಕೆ 1899ರಲ್ಲಿ ಪೇಟೆಂಟ್ ಸಿಕ್ಕಿತು. 1904ರ ಸೇಂಟ್ ಲೂಯಿಸ್ ವಿಶ್ವಮೇಳದಲ್ಲಿ ‘ಫೇರಿ ಫ್ಲಾಸ್’ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟಾಗ, ಪೆಟ್ಟಿಗೆಗೆ 25 ಸೆಂಟಿನಂತೆ 68,655 ಪೆಟ್ಟಿಗೆಗಳು ಖರ್ಚಾದವು. ಮೇಳದ ಪ್ರವೇಶ ದರವೇ 50 ಸೆಂಟು ಇದ್ದ ಕಾಲದಲ್ಲಿ ಒಂದು ಹಿಡಿ ಸಕ್ಕರೆಗೆ ಜನ ತೆತ್ತ ಬೆಲೆ ಅದು. ಅವರು ಕೊಂಡದ್ದು ಸಿಹಿಯನ್ನಲ್ಲ, ಸಿಹಿಯ ಹೊಸ ರೂಪವನ್ನು.

ಈ ರೂಪಕ್ಕೆ ಆಯಸ್ಸು ಕಡಿಮೆ. ಗಾಳಿಯ ತೇವವನ್ನು ಸಕ್ಕರೆ ಹೀರಿಕೊಂಡಂತೆ ಸೆರೆಯಲ್ಲಿದ್ದ ಅಣುಗಳಿಗೆ ಅಲುಗಾಟ ಮರಳುತ್ತದೆ. ನೂಲು ಜಿಗುಟಾಗಿ ಕುಸಿದು, ಕೊನೆಗೆ ಹರಳಾಗುತ್ತದೆ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶೇ 33ರ ಸಾಪೇಕ್ಷ ಆರ್ದ್ರತೆಯಲ್ಲಿಟ್ಟ ಮಿಠಾಯಿ ಮೂರು ದಿನಗಳಲ್ಲಿ, ಶೇ 45ರಲ್ಲಿಟ್ಟದ್ದು ಒಂದೇ ದಿನದಲ್ಲಿ ಹೀಗಾಯಿತು. ಶೇ 11ರ ಒಣ ಹವೆಯಲ್ಲಿಟ್ಟದ್ದು ಮಾತ್ರ ಎರಡು ವರ್ಷ ಕಳೆದರೂ ಹರಳುಗಟ್ಟಲಿಲ್ಲ. ಮಂಗಳೂರಿನ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದ ಬಾಯಿ ಬಿಗಿಯಾಗಿ ಕಟ್ಟದೆ ಈ ವ್ಯಾಪಾರ ನಡೆಯದು.

ಗುಲಾಬಿ ಬಣ್ಣ ಈ ಭೌತಕ್ರಿಯೆಗೆ ಯಾವ ನೆರವನ್ನೂ ನೀಡುವುದಿಲ್ಲ, ಅದು ಕಣ್ಣಿಗಷ್ಟೇ. ಆದರೂ ಅದರ ಹೆಸರಿನಲ್ಲಿ ಬಟ್ಟೆಗೆ ಹಾಕುವ ರೋಡಮೈನ್‌–ಬಿ ಮಕ್ಕಳ ಹೊಟ್ಟೆ ಸೇರುತ್ತಿತ್ತು. ಪ್ರಯೋಗಾಲಯದ ಪರೀಕ್ಷೆಯಲ್ಲಿ ಇದು ಪತ್ತೆಯಾದ ಬಳಿಕ ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಬಣ್ಣ ಬೆರೆಸಿದ ಬಾಂಬೆ ಮಿಠಾಯಿಯನ್ನು ನಿಷೇಧಿಸಿತು; ಬಿಳಿಯದಕ್ಕೆ ಅಡ್ಡಿಯಿಲ್ಲ. ಮಕ್ಕಳ ತಿನಿಸಿನ ವಿಷಯದಲ್ಲಿ ಈ ಕ್ರಮ ಇನ್ನೂ ಮೊದಲೇ ಬರಬೇಕಿತ್ತು.

ಯಂತ್ರ ಹುಟ್ಟಿದ ಅದೇ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಲಿಯಾನ್ ಬೆಲ್ಲನ್ ಅವರ ತಂಡ ಅದಕ್ಕೆ ಬೇರೊಂದು ಕೆಲಸ ಹುಡುಕಿದೆ. ಕೃತಕ ಅಂಗಾಂಶ ಬೆಳೆಸುವವರ ದೊಡ್ಡ ತೊಡಕು ರಕ್ತದ ದಾರಿ: ಒಳಗಿನ ಜೀವಕೋಶಗಳಿಗೆ ಆಹಾರ, ಆಮ್ಲಜನಕ ಮುಟ್ಟಿಸುವ ಲೋಮನಾಳಗಳನ್ನು ಒಂದೊಂದಾಗಿ ಕಟ್ಟುವುದು ಬಲು ಕಷ್ಟ. ಮಿಠಾಯಿ ಯಂತ್ರದ ನೂಲು ಗಾತ್ರದಲ್ಲಿ ಈ ನಾಳಗಳಿಗೆ ಹತ್ತಿರ. ಸಕ್ಕರೆ ನೀರು ತಾಗಿದೊಡನೆ ಕರಗಿಬಿಡುವುದರಿಂದ, ಬಿಸಿಯಲ್ಲಿ ಗಟ್ಟಿಯಾಗಿದ್ದು ತಣಿದಾಗ ಕರಗುವ ಪಾಲಿಮರ್ ಒಂದನ್ನು ಅವರು ನೂಲಾಗಿಸಿದರು. ಅದರ ಮೇಲೆ ಮಾನವ ಜೀವಕೋಶ ಬೆರೆಸಿದ ಜಿಲೆಟಿನ್ ಸುರಿದು, ಅದು ಗಟ್ಟಿಯಾದ ಮೇಲೆ ಕೋಣೆಯ ಉಷ್ಣತೆಗೆ ಇಳಿಸಿದಾಗ ನೂಲು ಕರಗಿ, ಕವಲೊಡೆದ ಸುರಂಗಗಳು ಉಳಿದವು. 2016ರ ವರದಿಯಂತೆ, ಆ ಸುರಂಗಗಳಲ್ಲಿ ಪೋಷಕ ದ್ರವ ಹರಿಸಿದಾಗ ಏಳು ದಿನಗಳ ನಂತರವೂ ಶೇ 90ರಷ್ಟು ಜೀವಕೋಶಗಳು ಬದುಕಿದ್ದವು.