ನಾಯಿಗೆ ಪಾಠ ಹೇಳುವ ಗುರು ಎಂಥವನಿರಬೇಕು?

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಬಂಡೆ ಶಾಸನವೊಂದಿದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ದೃಢವಾಗಿರಬೇಕು, ಸತ್ಯವನ್ನೇ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಅದರ ಸಾರ. ಇದೇ ಉಪದೇಶದ ಇನ್ನೊಂದು ಪ್ರತಿ ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ಅಲ್ಲಿ ಒಂದು ಮಾತು ಹೆಚ್ಚು: ಆನೆಯ ಮಾವುತರು, ಕರಣಿಕರು, ರಥದ ಕುದುರೆಗಳ ವಿದ್ಯೆ ಬಲ್ಲವರು ಮತ್ತು ಬ್ರಾಹ್ಮಣರು ತಮ್ಮ ಶಿಷ್ಯರಿಗೆ ಹಳೆಯ ಪದ್ಧತಿಯಂತೆ ಈ ನೀತಿಯನ್ನು ಕಲಿಸಬೇಕು. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಪ್ರಾಣಿಗಳನ್ನು ಪಳಗಿಸುವವನಿಗೆ ಗುರುಗಳ ಸಾಲಿನಲ್ಲಿ ಜಾಗವಿತ್ತು ಎಂದಾಯಿತು.

ಆ ಶಾಸನಗಳಲ್ಲಿ ನಾಯಿ ಪಳಗಿಸುವವನ ಹೆಸರಿಲ್ಲ. ಆದರೆ ಬ್ರಹ್ಮಗಿರಿಯ ಸುತ್ತಿನ ಬಯಲಿನಲ್ಲಿ, ಚಳ್ಳಕೆರೆಯ ಕಾವಲುಗಳಲ್ಲಿ, ಕುರಿಮಂದೆಯ ಜೊತೆ ನಾಯಿ ಇದ್ದೇ ಇರುತ್ತದೆ. ಕಂಬಳಿಗೆ ಹೆಸರಾದ ಈ ಸೀಮೆಯಲ್ಲಿ ಕುರಿಯೇ ಬದುಕು. ಕುರಿಗೆ ತೋಳ ಹಳೆಯ ವೈರಿ. ಮಂದೆ ಕಾಯುವ ನಾಯಿಗೆ ಯಾರೂ ಕುಳಿತು ಪಾಠ ಹೇಳುವುದಿಲ್ಲ. ಅದು ರೊಪ್ಪದಲ್ಲೇ ಹುಟ್ಟಿ, ಮರಿಗಳ ನಡುವೆ ಹೊರಳಾಡಿ, ಕುರಿಯ ವಾಸನೆಯನ್ನೇ ತನ್ನ ಮನೆಯ ವಾಸನೆ ಎಂದುಕೊಂಡು ಬೆಳೆಯುತ್ತದೆ. ನಾಯಿಮರಿಯ ಮನಸ್ಸು ಮುಖ್ಯವಾಗಿ ಮೂರನೆಯ ವಾರದಿಂದ ಹನ್ನೆರಡನೆಯ ವಾರದೊಳಗೆ ತನ್ನವರು ಯಾರು ಎಂಬುದನ್ನು ಗುರುತು ಹಾಕಿಕೊಳ್ಳುತ್ತದೆ ಎಂದು ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ಪುಸ್ತಕ ಬರೆದು ವಿವರಿಸಿದರು. ಕುರಿಗಾಹಿ ಆ ಪುಸ್ತಕ ಓದಿದವನಲ್ಲ. ಮ್ಯಾಸಬೇಡರ ದೇವರ ಎತ್ತುಗಳನ್ನು ಕಾಯುವ ಕಿಲಾರಿಯದೂ ಇದೇ ದಾರಿ. ದನದ ಜೊತೆ ಬದುಕಿದವನಿಗೆ ದನದ ಸ್ವಭಾವ ತಿಳಿಯುತ್ತದೆ.

ಪೇಟೆಯ ಮಾತು ಬೇರೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮರಿಗಳು ಈಗ ತಾಲ್ಲೂಕು ಕೇಂದ್ರಗಳ ಮನೆಗಳಿಗೂ ಬಂದಿವೆ. ಮರಿ ದೊಡ್ಡದಾಗಿ, ಬಂದವರ ಮೇಲೆ ಹಾರಿ, ಮನೆಯ ಮಗುವಿನ ಮೇಲೆ ಗುರ್ರೆಂದಾಗ ತರಬೇತುದಾರನ ನೆನಪಾಗುತ್ತದೆ. ನಾಯಿ ಸಾಕಿ ಮಾರುವವರಿಗೆ 2017ರಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನು ತಂದಿದೆ. ಮನೆನಾಯಿಗೆ ಪಾಠ ಹೇಳುವವನಿಗೆ ಅಂಥ ಪರವಾನಗಿಯ ಕಟ್ಟಳೆಯಿಲ್ಲ. ಬೋರ್ಡು ಹಾಕಿಕೊಂಡವನೆಲ್ಲ ಗುರುವೇ. ಆದ್ದರಿಂದ ಪರೀಕ್ಷೆ ಮಾಡುವ ಹೊಣೆ ನಾಯಿಯ ಯಜಮಾನನ ಮೇಲೆಯೇ ಬೀಳುತ್ತದೆ.

ಒಳ್ಳೆಯ ತರಬೇತುದಾರ ಮೊದಲು ಪ್ರಶ್ನೆ ಕೇಳುತ್ತಾನೆ. ಹುಚ್ಚುನಾಯಿ ರೋಗದ ಚುಚ್ಚುಮದ್ದು ಆಗಿದೆಯೇ, ಮನೆಯಲ್ಲಿ ಮಕ್ಕಳಿದ್ದಾರೆಯೇ, ಹಿಂದೆ ಯಾರನ್ನಾದರೂ ಕಚ್ಚಿದೆಯೇ, ದಿನಕ್ಕೆ ಎಷ್ಟು ಹೊತ್ತು ಕಟ್ಟಿಹಾಕುತ್ತೀರಿ? ಇದಾವುದನ್ನೂ ಕೇಳದೆ ‘ಹದಿನೈದು ದಿನದಲ್ಲಿ ಸರಿಮಾಡಿ ಕೊಡುತ್ತೇನೆ’ ಎನ್ನುವವನನ್ನು ಬಾಗಿಲಿನಿಂದಲೇ ಕಳಿಸುವುದು ವಾಸಿ. ಎರಡನೆಯದಾಗಿ ಅವನು ಮನೆಯವರಿಗೂ ಪಾಠ ಹೇಳಬೇಕು. ಒಂದು ತಿಂಗಳು ಬೇರೆಲ್ಲೋ ಬಿಟ್ಟು ಕರೆತಂದ ನಾಯಿ ತರಬೇತುದಾರನ ಮಾತು ಕೇಳೀತು, ಮನೆಯವರ ಮಾತನ್ನಲ್ಲ. ಪೊಲೀಸರು ಇದನ್ನು ಬಲ್ಲರು. ಅಲ್ಲಿ ಶ್ವಾನವೂ ಅದನ್ನು ನಡೆಸುವ ಪೇದೆಯೂ ಜೊತೆಯಾಗಿಯೇ ಕಲಿಯುತ್ತಾರೆ. 1997ರವರೆಗೆ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ದಾವಣಗೆರೆಯಲ್ಲಿ 2020ರಲ್ಲಿ ಕೊಲೆ ಪ್ರಕರಣವೊಂದರ ಜಾಡು ಹಿಡಿದು ಹತ್ತು ಕಿ.ಮೀ.ಗೂ ಹೆಚ್ಚು ದೂರ ಓಡಿದ ‘ತುಂಗಾ’ ಸುದ್ದಿಯಾಯಿತು. ಅದರ ಬೆನ್ನಿಗೆ ಅಷ್ಟೂ ದೂರ ಓಡಿದವನ ಪಾಲು ಆ ಕೀರ್ತಿಯಲ್ಲಿ ಸಣ್ಣದೇನಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಕೈಯಲ್ಲಿರುವ ಕೋಲಿನ ವಿಚಾರ. ಗುರ್ರೆಂದ ನಾಯಿಗೆ ಹೊಡೆದರೆ ಅದು ಗುರ್ರೆನ್ನುವುದನ್ನು ಬಿಡುತ್ತದೆ, ಸಿಟ್ಟನ್ನಲ್ಲ. ಗುರುಗುಟ್ಟುವುದು ನಾಯಿ ಕೊಡುವ ಮುನ್ಸೂಚನೆ. ಅದನ್ನು ಅಳಿಸಿದರೆ ಮುಂದೊಂದು ದಿನ ಸದ್ದಿಲ್ಲದೆ ಕಚ್ಚುತ್ತದೆ. ಆಗ ಮುಂದೆ ನಿಂತಿರುವುದು ಮಗುವಾಗಿರಬಹುದು. ಪ್ರಾಣಿಯನ್ನು ಹೊಡೆಯುವುದು, ಗಿಡ್ಡ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧವೂ ಹೌದು. ‘ನಾಯಿ ತೋಳದ ಜಾತಿ, ಹಿಂಡಿನ ದೊರೆ ನೀವಾಗಬೇಕು, ತುಳಿದಿಡಬೇಕು’ ಎಂದು ಕೆಲವರು ಶಾಸ್ತ್ರ ಹೇಳುವುದುಂಟು. ಸೆರೆಯಲ್ಲಿ ಒಟ್ಟುಗೂಡಿಸಿದ್ದ ತೋಳಗಳನ್ನು ನೋಡಿ 1947ರಲ್ಲಿ ಶೆಂಕಲ್ ಎಂಬಾತ ಬರೆದದ್ದರಿಂದ ಬೆಳೆದ ನಂಬಿಕೆ ಇದು. ಕಾಡಿನ ಹಿಂಡು ಸಾಮಾನ್ಯವಾಗಿ ತಂದೆ, ತಾಯಿ, ಮಕ್ಕಳ ಸಂಸಾರವೇ ಎಂದು ತೋಳಗಳ ತಜ್ಞ ಡೇವಿಡ್ ಮೆಕ್ 1999ರಲ್ಲಿ ವಿವರಿಸಿದ್ದಾರೆ.

ಕೊರಳಪಟ್ಟಿಯನ್ನೂ ಗಮನಿಸಬೇಕು. ಹಿಮಾಲಯದ ಕುರಿಗಾಹಿಗಳು ನಾಯಿಯ ಕೊರಳಿಗೆ ಮುಳ್ಳಿನ ಪಟ್ಟಿ ಕಟ್ಟುತ್ತಾರೆ. ಮೊನೆಗಳು ಹೊರಮುಖವಾಗಿದ್ದು ಕಾಡುಪ್ರಾಣಿಯ ಬಾಯಿಂದ ನಾಯಿಯನ್ನು ಕಾಯುತ್ತವೆ. ತರಬೇತಿಯ ಹೆಸರಿನಲ್ಲಿ ಪೇಟೆಯಲ್ಲಿ ಮಾರುವ ಪಟ್ಟಿಯ ಮೊನೆಗಳು ಒಳಮುಖ.

ತಳಿಯ ಗುಣವನ್ನು ಅರಿಯದವನೂ ಕೆಲಸಕ್ಕೆ ಬಾರ. ಮುಧೋಳ ನಾಯಿ ಕಣ್ಣಿನಿಂದ ಬೇಟೆ ಹಿಡಿಯುವ ತಳಿ. ಓಡುವುದೇ ಅದರ ಹುಟ್ಟುಗುಣ. 2016ರಲ್ಲಿ ಸೇನೆ ಅದರ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಡತೊಡಗಿತು. ಅಂಥ ನಾಯಿಯನ್ನು ಹತ್ತಡಿ ಅಂಗಳದಲ್ಲಿ ಕೂರಿಸಿ ಲ್ಯಾಬ್ರಡಾರಿನ ಸಮಾಧಾನವನ್ನು ಬಯಸಿದರೆ ತಪ್ಪು ನಾಯಿಯದಲ್ಲ. ಹತ್ತನೆಯ ಶತಮಾನದ ಆತಕೂರು ಶಾಸನದ ಮಣಲೆರನು ಯುದ್ಧದ ಗೆಲುವಿಗೆ ಬಹುಮಾನವಾಗಿ ಬೂತುಗನಿಂದ ಕೇಳಿ ಪಡೆದದ್ದು ‘ಕಾಳಿ’ ಎಂಬ ನಾಯಿಯನ್ನು. ಹಂದಿಯೊಡನೆ ಹೋರಾಡಿ ಅದು ಸತ್ತಾಗ ಕಲ್ಲು ನಿಲ್ಲಿಸಿದನು. ತನಗೆ ಬೇಕಾದ ನಾಯಿ ಯಾವುದು, ಏತಕ್ಕೆ ಎಂಬುದು ಅವನಿಗೆ ಗೊತ್ತಿತ್ತು.

ಹಣ ಕೊಡುವ ಮೊದಲು ಅವನ ಒಂದು ಪಾಠಕ್ಕೆ ಹೋಗಿ ಸುಮ್ಮನೆ ನಿಂತು ನೋಡಬಹುದು. ಬೇಡವೆನ್ನುವವನು ಏನನ್ನೋ ಮರೆಮಾಡುತ್ತಿದ್ದಾನೆ. ಅವನು ಸಾಕಿದ ನಾಯಿಯನ್ನು ಹಗ್ಗವಿಲ್ಲದೆ ಕರೆಯಲು ಹೇಳಬೇಕು. ಬಾಲವನ್ನು ಕಾಲಸಂದಿಗೆ ಸೇರಿಸಿ, ಹೊಟ್ಟೆಯನ್ನು ನೆಲಕ್ಕೆಳೆದುಕೊಂಡು ಬರುತ್ತದೋ, ಬಾಲ ಆಡಿಸುತ್ತ ಓಡಿ ಬರುತ್ತದೋ ಎಂಬುದನ್ನು ಅಲ್ಲಿಯೇ ಕಾಣಬಹುದು.